ಬಾದಾಮಿ: ಗುಹೆ ನೋಡಿ ಬಸ್ ಹತ್ತೋರಿಗೆ ಕಾಣದ ಕೋಟೆ ಊರು

ಇಂಡಿ ರೋಡ್ (ವಿಜಯಪುರ)
ಶರಣ್ರಿ ಎಲ್ಲಾರಿಗೂ. ಮುಂದಿನ ತಿಂಗಳ ಮನಿ ಮಂದಿ ಕೂಡಿ ಬನಶಂಕರಿಗೆ ಹೊಂಟೇವಿ, ಹಾಂಗ ಬಾದಾಮಿನೂ ನೋಡಿ ಬರೂಣು ಅಂತ. ಸಾಲಿ ಟ್ರಿಪ್ಪಿನ್ಯಾಗ ನೋಡಿದ್ದು ನಾಕು ಗುಹೆ, ಕೈಯಾಗಿನ ಬಾಳೆಹಣ್ಣು ಕಸಗೊಂಡ ಮಂಗ್ಯಾ, ಅಷ್ಟ ನೆನಪೈತಿ. ಈಗ ಫೋಟೋ ನೋಡಿದ್ರ ಗುಡ್ಡದ ಮ್ಯಾಲೆ ಗೋಡಿ, ಬುರುಜು, ತೋಪು ಎಲ್ಲಾ ಕಾಣ್ತಾವ. ಒಬ್ರು ಚಾಲುಕ್ಯರ ಕೋಟಿ ಅಂತಾರ, ಇನ್ನೊಬ್ರು ಟಿಪ್ಪೂಂದು ಅಂತಾರ. ಊರು ಮೊದ್ಲ ಗುಡ್ಡದ ಮ್ಯಾಲಿತ್ತೋ, ಕೆಳಗ ಇತ್ತೋ? ಬಯಲಾಗಿನ ಕೋಟಿ ನೋಡಿ ಬೆಳೆದಾಂವಗ ಈ ಗುಡ್ಡದ ಲೆಕ್ಕಾ ತಿಳೀವಲ್ದು. ಬಲ್ಲವರು ಹೇಳ್ರಿ.

ಮಂಗ್ಯಾನ ಗೆಳೆಯ
ಬಾಳೆಹಣ್ಣು ಈ ಸಲಾನೂ ಹೋಗ್ತೈತಿ. ಅದೊಂದು ಖಾತ್ರಿ.

ಶಾಸನಪ್ರಿಯ (ಬಾಗಲಕೋಟೆ)
ಚಾಲುಕ್ಯರದೋ ಟಿಪ್ಪುವಿನದೋ ಎಂದು ವಾದಿಸುವವರಲ್ಲಿ ಇಬ್ಬರೂ ಅರ್ಧರ್ಧ ಸರಿ. ಜಾಗವನ್ನು ಆರಿಸಿದವರು ಚಾಲುಕ್ಯರು. ಇವತ್ತು ಕಣ್ಣಿಗೆ ಬೀಳುವ ಗೋಡೆಯಲ್ಲಿ ಬಹುಪಾಲು ಅವರ ನಂತರದವರದು.

ಉತ್ತರದ ಗುಡ್ಡದ ಬಂಡೆಯೊಂದರ ಮೇಲೆ ಒಂದನೆಯ ಪುಲಕೇಶಿಯ ಶಾಸನವಿದೆ. ಶಕ 465, ಅಂದರೆ ಕ್ರಿ.ಶ. 543. ಚಿಕ್ಕದು, ಸಂಸ್ಕೃತದಲ್ಲಿದೆ. ಬೆಟ್ಟಗಳಿಗೆ ಒಡೆಯನಂತಿರುವ ವಾತಾಪಿಯನ್ನು (ಬಾದಾಮಿಯ ಹಳೆಯ ಹೆಸರು) ಕೆಳಗಿನಿಂದಲೂ ಮೇಲಿನಿಂದಲೂ ಗೆಲ್ಲಲಾಗದ ದುರ್ಗವನ್ನಾಗಿ ಮಾಡಿದ ಎಂಬುದು ಅದರ ತಿರುಳು. ಶಾಸನ ಹೊಗಳುವುದು ಊರನ್ನಲ್ಲ, ಬೆಟ್ಟವನ್ನು. ‘ಮೇಲಿನಿಂದಲೂ’ ಅಂತ ಯಾಕೆ ಹೇಳಿದ ಎನ್ನುವುದು ಆ ಗುಡ್ಡ ಹತ್ತಿದವರಿಗೆ ಮಾತ್ರ ಹೊಳೆಯುತ್ತದೆ. ಪಶ್ಚಿಮಕ್ಕೆ, ಊರಿನ ಕಡೆಗೆ, ಗುಡ್ಡ ಕಡಿದಾಗಿ ನಿಂತಿದೆ. ಪೂರ್ವದ ಕಡೆಗೆ ಹೋದಂತೆ ಅದು ಪ್ರಸ್ಥಭೂಮಿಯಾಗಿ ಹರಡಿಕೊಳ್ಳುತ್ತದೆ. ಆ ಹಿಂಬದಿಯಿಂದ ನಡೆದು ಬಂದರೆ ನೆತ್ತಿಯ ಮೇಲೇ ಬಂದು ನಿಲ್ಲಬಹುದು. ಮುಂದಿನ ಬಾಗಿಲಿಗಿಂತ ಹಿತ್ತಲ ಬಾಗಿಲಿನ ಚಿಂತೆಯೇ ಅರಸನಿಗೆ ಹೆಚ್ಚಾಗಿದ್ದಿರಬೇಕು ಅನ್ನುವುದು ನನ್ನ ಊಹೆ.

ಊರು ಮೇಲಿತ್ತೋ ಕೆಳಗೋ ಎಂಬ ಪ್ರಶ್ನೆಗೆ ಉತ್ತರ ಊರೊಳಗೇ ಇದೆ. ಜಂಬುಲಿಂಗ ಗುಡಿ ಮನೆಗಳ ನಡುವೆ, ಕೆಳಗಡೆ ನಿಂತಿದೆ. ಅಲ್ಲಿನ ಕಂಬದ ಶಾಸನದ ಪ್ರಕಾರ 699ರಲ್ಲಿ, ವಿಜಯಾದಿತ್ಯನ ಕಾಲದಲ್ಲಿ, ರಾಜಮಾತೆ ವಿನಯವತಿ ಅಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠಾಪಿಸಿದಳು. ರಾಜಮಾತೆ ಮೂರು ಗರ್ಭಗುಡಿಗಳ ದೇವಸ್ಥಾನವನ್ನು ಜನರಿಲ್ಲದ ಕಡೆ ಕಟ್ಟಿಸಲಾರಳು. ಹಾಗಾಗಿ ಊರು ಆಗಲೂ ಕೆಳಗೇ ಇತ್ತು. ಮೇಲೆ ಕಾವಲು, ಕಣಜ, ದೇವರು.

ಅಗಸಿ ಓಣಿ (ಬಾದಾಮಿ)
ಸರ್ರ, ಛಲೋ ಹೇಳಿದ್ರಿ. ನಾ ಇಲ್ಲೇ ಹುಟ್ಟಿ ಬೆಳೆದಾಂವ, ಪುಸ್ತಕದಾಗ ಇಲ್ಲದ್ದು ಸ್ವಲ್ಪ ಹೇಳ್ತೀನಿ.

ಬಾದಾಮಿ ತಿಳೀಬೇಕಾದ್ರ ಭೂತನಾಥ ಗುಡಿ ಕಡೆ ಹೋಗಿ, ಊರಿನ ಕಡೆ ಮಾರಿ ಮಾಡಿ ನಿಂದರ್ರಿ. ಎಡಕ್ಕ ಗುಹೆ ಇರೋ ಗುಡ್ಡ, ಅದರ ನೆತ್ತಿ ಮ್ಯಾಲೆ ರಣಮಂಡಲ ಕೋಟಿ. ಬಲಕ್ಕ ಬಾವನ್ ಬಂಡಿ ಕೋಟಿ. ನಡುವ ಅಗಸ್ತ್ಯ ತೀರ್ಥ, ಅಂದ್ರ ನಮ್ಮ ಕೆರಿ. ಎರಡು ಗುಡ್ಡ ಕೂಡಿ ಒಂದು ಕಣಿವಿ, ಕಣಿವಿ ಬಾಯಿಗೆ ಅಡ್ಡ ಕೆರಿ ಏರಿ, ಏರಿ ಆಚೆ ಊರು, ಊರ ಸುತ್ತ ಗೋಡಿ, ಗೋಡಿ ಹೊರಗ ಕಂದಕ. ಅಂದ್ರ ಊರು ಗುಡ್ಡಕ್ಕ ಬಾಗಿಲ ಇದ್ದಂಗ. ವೈರಿ ಬಂದ್ರ ಮೊದ್ಲ ಪೆಟ್ಟು ನಮ್ಮ ಓಣಿಗೇ.

ಈಗ ಊರ ಗೋಡಿ ತುಂಡು ತುಂಡಾಗೇತಿ. ಕಂದಕ ಎಲ್ಲಿತ್ತು ಅಂತ ಹುಡುಗರಿಗೆ ಗೊತ್ತಿಲ್ಲ. ಆದ್ರ ಹಳೇ ಊರಿನ ಓಣಿ ಇನ್ನೂ ಹಂಗ ಅದಾವ. ಎರಡು ಮಂದಿ ಜೋಡಿ ನಡದ್ರ ಮೂರನೇದಾಂವ ಹಿಂದ ಬರಬೇಕು. ಸುಣ್ಣಾ ಬಳದ ಗೋಡಿ, ಮಣ್ಣಿನ ಮಾಳಿಗಿ, ಮಾಳಿಗಿಗೆ ಬೆಳಕಿಂಡಿ, ಬೆಳಕಿಂಡಿ ಮ್ಯಾಲೆ ಮಂಗ್ಯಾ ಬರಬಾರದಂತ ಮುಳ್ಳು. ಹಳೇ ಮನಿ ಅಡಿಪಾಯದಾಗ ನೋಡ್ರಿ, ಕೆತ್ತಿದ ಕಲ್ಲು ಸಿಗ್ತಾವ. ಯಾವ ಗುಡಿದೋ, ಯಾವ ಬುರುಜಿಂದೋ. ಕೋಟಿ ಬಿದ್ದಾಗ ಕಲ್ಲು ಊರೊಳಗ ಬಂದು ಮನಿ ಆಗ್ಯಾವು.

ಇಂಡಿ ರೋಡ್
ಅಗಸಿ ಅಣ್ಣಾ, ಈಗ ಚಿತ್ರ ಕಣ್ಣಿಗೆ ಕಟ್ಟಿತು. ಮ್ಯಾಲೆ ನೀರಿಗೇನು ಮಾಡ್ತಿದ್ರು? ಕೆರಿ ನೋಡಿದ್ರ ಕೆಳಗ ಐತಿ.

ಅಗಸಿ ಓಣಿ
ಅದ ಮುಖ್ಯ ಪ್ರಶ್ನೆ ನೋಡು ತಮ್ಮಾ. ನಮ್ಮದು ಮರಳುಗಲ್ಲು. ಪದರ ಪದರ ಇರ್ತೈತಿ, ಮಳಿ ಬಿದ್ರ ಬಂಡಿ ತಗ್ಗಿನ್ಯಾಗ ದೊಣಿ ತುಂಬ್ತಾವ. ಮ್ಯಾಲಿನ ಕೋಟಿಯೊಳಗ ಅಂಥಾ ದೊಣಿ, ಕಲ್ಲು ಕಡದ ಹೊಂಡ ಅದಾವ. ಮಳಿಗಾಲದಾಗ ಗುಡ್ಡದ ಅಂಚಿಲೆ ನೀರು ಧುಮುಕ್ತೈತಿ, ಅಕ್ಕ-ತಂಗಿ ಫಾಲ್ಸ್ ಅಂತೀವಿ, ಅದೆಲ್ಲಾ ಕೆರಿಗೇ ಬರ್ತೈತಿ. ಆದ್ರ ಬ್ಯಾಸಗಿಗೆ ಮ್ಯಾಲಿನ ದೊಣಿ ಒಣಗಿದ್ರ? ಕೆಳಗಿನ ಕೆರಿ ವೈರಿ ಕೈಯಾಗಿದ್ರ? ಮುಗೀತು. ಅಗಸ್ತ್ಯ ಮುನಿ ವಾತಾಪಿ ಅನ್ನೋ ರಾಕ್ಷಸನ್ನ ಜೀರ್ಣ ಮಾಡಿಕೊಂಡ ಕತಿ ಎಲ್ಲಾರಿಗೂ ಗೊತ್ತದ. ಆದ್ರ ಈ ಊರು ಉಳಿಸಿದ್ದು, ಕೆಡಿಸಿದ್ದು ಎರಡೂ ಆ ಕೆರಿ ನೀರs.

ಕೃಷ್ಣಾ ತೀರ (ಜಮಖಂಡಿ)
ಹಂಗಾದ್ರ ‘ಗೆಲ್ಲಲಾಗದ ದುರ್ಗ’ ಅಂತ ಬಂಡಿ ಮ್ಯಾಲೆ ಬರಸಿದ್ದು ಬರೀ ಬಡಾಯಿನಾ ಗುರುಗಳ? ನೂರು ವರ್ಷದಾಗ ಪಲ್ಲವರು ಬಂದು ಹೊಕ್ಕರಲ್ಲ.

ಶಾಸನಪ್ರಿಯ
ನೂರು ವರ್ಷವೂ ಪೂರ್ತಿ ಅಲ್ಲ, 99. ಪಲ್ಲವ ನರಸಿಂಹವರ್ಮ 642ರಲ್ಲಿ ವಾತಾಪಿಯನ್ನು ಹಿಡಿದ. ಎಂಟು ವರ್ಷ ಹಿಂದಷ್ಟೇ, 634ರಲ್ಲಿ, ಕವಿ ರವಿಕೀರ್ತಿ ಐಹೊಳೆಯ ಮೇಗುತಿ ಬಸದಿಯಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು, ಹರ್ಷನನ್ನು ತಡೆದದ್ದನ್ನೂ ಸೇರಿಸಿ, ಹಾಡಿ ಹೊಗಳಿ ಕೆತ್ತಿಸಿದ್ದ. ನರ್ಮದೆಯಲ್ಲಿ ಗೆದ್ದವನಿಗೆ ಮನೆಯ ಕೋಟೆ ಕೈತಪ್ಪಿತು. ನರಸಿಂಹವರ್ಮ ‘ವಾತಾಪಿಕೊಂಡ’ ಎಂಬ ಬಿರುದು ಇಟ್ಟುಕೊಂಡದ್ದೂ ಅಲ್ಲದೆ ಬಾದಾಮಿಯ ಬಂಡೆಯ ಮೇಲೆಯೇ ತನ್ನ ಹದಿಮೂರನೆಯ ಆಳ್ವಿಕೆ ವರ್ಷದ ಶಾಸನ ಹಾಕಿಸಿದ. ಅಕ್ಷರ ಸವೆದಿವೆ, ಆದರೂ ಇದೆ. ಸೋತವರ ಊರಲ್ಲಿ ಗೆದ್ದವನ ಶಾಸನ ಅಳಿಯದೆ ಉಳಿದದ್ದು ನನಗೆ ಇವತ್ತಿಗೂ ಸೋಜಿಗ. ಹದಿಮೂರು ವರ್ಷದ ಮೇಲೆ ಒಂದನೆಯ ವಿಕ್ರಮಾದಿತ್ಯ ಊರನ್ನು ಮರಳಿ ಗೆದ್ದ. ಅವನಾಗಲಿ, ಅವನ ಮಕ್ಕಳು ಮೊಮ್ಮಕ್ಕಳಾಗಲಿ ಆ ಬಂಡೆಯ ಬರಹವನ್ನು ಪೂರ್ತಿ ಕೆತ್ತಿ ಹಾಕಲಿಲ್ಲ.

ಬಡಾಯಿ ಅನ್ನಬೇಡಿ. ಬಿದ್ದದ್ದು ಬೆಟ್ಟವಲ್ಲ, ಬೆಟ್ಟದ ಮೇಲಿದ್ದವರು. ಬಾದಾಮಿಯ ಮುಂದಿನ ಚರಿತ್ರೆಯೂ ಹೀಗೇ ಇದೆ, ಕೆಳಗೆ ಹೇಳುತ್ತೇನೆ.

ಮಂಗ್ಯಾನ ಗೆಳೆಯ
ಅವಾಗಲೇ ವಾತಾಪಿ ಗಣಪತಿ ವಿಗ್ರಹ ಕದ್ದುಕೊಂಡು ತಮಿಳುನಾಡಿಗೆ ಒಯ್ದದ್ದು ಅಲ್ಲೇನು?

ಶಾಸನಪ್ರಿಯ
ಪಲ್ಲವರ ದಂಡನಾಯಕ ತಂದ ಎಂಬುದು ಅಲ್ಲಿನ ಭಕ್ತರ ನಂಬಿಕೆ. ಆ ಕಾಲದ ಶಾಸನದಲ್ಲಿ ಅಂಥ ಮಾತಿಲ್ಲ. ಈ ಚರ್ಚೆಯಲ್ಲಿ ಅದನ್ನು ಎಳೆಯುವುದು ಬೇಡ, ಇಲ್ಲವಾದರೆ ಕೋಟೆ ಬಿಟ್ಟು ಗಣಪತಿಯ ಹಿಂದೆ ಹೋಗುತ್ತೇವೆ.

ಕಮಲ ಬಸದಿ (ಬೆಳಗಾವಿ)
ನಮ್ಮೂರ ಕೋಟೆ ಜೊತೆ ಹೋಲಿಸಿ ನೋಡಿದರೆ ಬಾದಾಮಿಯ ಗುಣ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬೆಳಗಾವಿ ಕೋಟೆ ರಟ್ಟರ ಕಾಲದ್ದು, ಒಳಗಿನ ಕಮಲ ಬಸದಿ 1204ರದು. ಸಮತಟ್ಟು ನೆಲ, ಹಾಗಾಗಿ ಎಲ್ಲ ಭಾರ ಕಂದಕದ ಮೇಲೆ. ವಿಜಯಪುರದವರದ್ದೂ ಅದೇ ಕತೆ. ತಾಳಿಕೋಟೆ ಯುದ್ಧ ಆದಮೇಲೆ ಒಂದನೆಯ ಅಲಿ ಆದಿಲ್ ಶಾಹ ಊರಿನ ಸುತ್ತ ಮೈಲುಗಟ್ಟಲೆ ಗೋಡೆ ಹಾಕಿಸಿದ, ಮೇಲೆ ಮಲಿಕ್-ಎ-ಮೈದಾನದಂಥ 55 ಟನ್ ತೂಕದ ತೋಪು ಕೂಡಿಸಿದರು. ಬಯಲಿನ ಕೋಟೆಯಲ್ಲಿ ಮನುಷ್ಯ ಎಲ್ಲವನ್ನೂ ಕಟ್ಟಬೇಕು.

ಬಾದಾಮಿಯಲ್ಲಿ ಹಾಗಲ್ಲ. ಸಂಗ್ರಹಾಲಯದ ಪಕ್ಕದಿಂದ ಬಾವನ್ ಬಂಡೆ ಹತ್ತುವ ದಾರಿ ನೆನಪಿಸಿಕೊಳ್ಳಿ. ಬಂಡೆ ಮೇಲಿಂದ ಕೆಳಗಿನವರೆಗೆ ಸೀಳಿದೆ, ಆ ಸೀಳೇ ದಾರಿ. ಎರಡೂ ಕಡೆ ಕೆಂಪು ಗೋಡೆ, ತಲೆ ಮೇಲೆ ಒಂದು ಗೆರೆ ಆಕಾಶ. ಅಲ್ಲಿ ಕೋಟೆ ಕಟ್ಟಿದವರು ಮಾಡಿದ್ದು ಇಷ್ಟೇ: ಸೀಳಿನ ಬಾಯಿಗೆ ಒಂದು ಬಾಗಿಲು, ತಿರುವಿಗೆ ಇನ್ನೊಂದು ಬಾಗಿಲು, ಬಂಡೆ ಬಂಡೆಯ ನಡುವೆ ಸಂದಿದ್ದಲ್ಲಿ ಗೋಡೆ. ಉಳಿದದ್ದೆಲ್ಲ ಗುಡ್ಡವೇ ಮಾಡಿಕೊಟ್ಟಿದೆ. ಮೇಲೆ ನಿಂತ ಒಬ್ಬನ ಹತ್ತಿರ ಒಂದು ರಾಶಿ ಕಲ್ಲಿದ್ದರೆ ಸಾಕು, ಆ ಸೀಳಿನಲ್ಲಿ ಬರುವವನಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಅಲ್ಲಿ ರೀಲ್ಸ್ ಮಾಡುವವರು ಒಮ್ಮೆ ತಲೆ ಎತ್ತಿ ನೋಡಬೇಕು.

ಕೃಷ್ಣಾ ತೀರ
ಅಕ್ಕಾರ, ಹಂಗಾದ್ರ ಮ್ಯಾಲಿನ ಗೋಡಿ ಯಾರದು? ಅಲ್ಲಿ ಗೈಡ್ ಒಬ್ಬಾಂವ ಎಲ್ಲಾ ಟಿಪ್ಪೂನ ಖಜಾನೆ, ಟಿಪ್ಪೂನ ತೋಪು ಅಂತ ಹೇಳ್ತಿದ್ದ.

ಕಮಲ ಬಸದಿ
ಗೋಡೆಯನ್ನೇ ಕೇಳಿ. ತೋಪು ಇಡಲು ದುಂಡನೆ ಕಟ್ಟಿದ ಬುರುಜು, ಬಂದೂಕಿನ ಕಿಂಡಿ ಕಂಡರೆ ಅದು ಮದ್ದುಗುಂಡಿನ ಕಾಲದ್ದು. ಚಾಲುಕ್ಯರ ಕಾಲಕ್ಕೆ ತೋಪು ಎಲ್ಲಿತ್ತು? ಅದೇ ಗುಡ್ಡದ ಮೇಲೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ ಇವೆ, ಅವು ಚಾಲುಕ್ಯರವೇ. ಮೇಲಿನ ಶಿವಾಲಯದ ಗೋಡೆಯಲ್ಲಿ ಕೃಷ್ಣನ ಕತೆ, ರಾಮಾಯಣದ ಕತೆ ಕೆತ್ತಿದ್ದಾರೆ, ದಯವಿಟ್ಟು ತಪ್ಪಿಸಬೇಡಿ. ಗುಮ್ಮಟದಂಥ ತಲೆ ಇರುವ ದುಂಡು ಕಟ್ಟಡಗಳು ಕಾಣುತ್ತವಲ್ಲ, ಅವು ಕಣಜಗಳು. ಕಾಳು ತುಂಬಿಡುವ ಜಾಗ. ಮುತ್ತಿಗೆಯಲ್ಲಿ ಬಂಗಾರ ತಿನ್ನಲಾಗುವುದಿಲ್ಲ, ಆದರೆ ಪ್ರವಾಸಿಗರಿಗೆ ಖಜಾನೆ ಅಂದರೇ ರುಚಿ.

ಶಾಸನಪ್ರಿಯ
ಕಮಲ ಬಸದಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಚಾಲುಕ್ಯರಿಗೂ ಟಿಪ್ಪುವಿಗೂ ನಡುವೆ ಸಾವಿರ ವರ್ಷ ಇದೆ, ಅದನ್ನು ಎಲ್ಲರೂ ಹಾರಿಬಿಡುತ್ತಾರೆ. ಎಂಟನೆಯ ಶತಮಾನದ ನಡುವೆ ರಾಷ್ಟ್ರಕೂಟ ದಂತಿದುರ್ಗ ಚಾಲುಕ್ಯರನ್ನು ಸೋಲಿಸಿದ ಮೇಲೆ ಬಾದಾಮಿ ರಾಜಧಾನಿಯಾಗಿ ಉಳಿಯಲಿಲ್ಲ. ಕೋಟೆಯಾಗಿ ಮಾತ್ರ ಮುಂದುವರಿಯಿತು. ವಿಜಯನಗರದ ಒಂದನೆಯ ಹರಿಹರನ ಕಾಲದ, ಶಕ 1261ರ (ಕ್ರಿ.ಶ. 1339–40) ಶಾಸನ ಇಲ್ಲೇ ಇದೆ. ಅವನ ಅಧಿಕಾರಿ ಚಾಮೆಯ ನಾಯಕ ಬಾದಾಮಿಯ ಕೋಟೆ ಕಟ್ಟಿಸಿದ ಎನ್ನುತ್ತದೆ ಅದು. ಹಂಪಿಯ ಹೆಸರು ಇನ್ನೂ ದೊಡ್ಡದಾಗುವ ಮೊದಲೇ ಹರಿಹರನ ಸಂಗಮ ಮನೆತನಕ್ಕೆ ಬಾದಾಮಿ ಬೇಕಾಗಿತ್ತು. ಉತ್ತರದಿಂದ ಬರುವವರಿಗೆ ಇದು ಅಡ್ಡಗಟ್ಟೆ. ಆಮೇಲೆ ಆದಿಲ್ ಶಾಹಿಗಳು, ಸವಣೂರಿನ ನವಾಬರು, ಮರಾಠರು, ಹೈದರಾಲಿ, ಟಿಪ್ಪು. ಬಂದವರೆಲ್ಲ ಹಿಂದಿನವರ ಗೋಡೆಯ ಮೇಲೆ ಎರಡು ಸಾಲು ಕಲ್ಲು ಏರಿಸಿದ್ದಾರೆ.

ಗುಳೇದಗುಡ್ಡ ಖಣ
ಕಪ್ಪೆ ಅರಭಟ್ಟನ್ನ ಯಾರೂ ನೆನಸಲಿಲ್ಲಲ್ಲ! ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ.’ ಬಾದಾಮಿ ಮಂದಿ ಸ್ವಭಾವ ಅಂದ್ರ ಅದ.

ಅಗಸಿ ಓಣಿ
ಅಕ್ಕಾ, ಅದು ಒಬ್ಬ ವೀರನ್ನ ಹೊಗಳಿದ್ದು, ನಾವೇನು ಎಲ್ಲಾರೂ ಅರಭಟ್ಟರಲ್ಲ. 😄 ಆದ್ರ ಒಂದು ಖರೇ. ಕ್ರಿ.ಶ. 700ರ ಸುಮಾರಿಗೆ, ಕೆರಿ ಆಚೆ ತಟ್ಟುಕೋಟಿ ಕಡೆ ಬಂಡಿ ಮ್ಯಾಲೆ ಕನ್ನಡ ತ್ರಿಪದಿ ಕೆತ್ತಿಸ್ಯಾರ. ಗುಡ್ಡದಾಗ ನಡಕೊಂತ ಹೋದ್ರ ಸಿಗ್ತೈತಿ. ಮೂರನೇ ಗುಹೆದಾಗ ಸಂಸ್ಕೃತ ಶಾಸನ ಒಂದು, 578ರದ್ದು, ಚಾಲುಕ್ಯರ ಮಂಗಳೇಶಂದು. ಅಲ್ಲೇ ಹೊರಗ ಅವಂದs ಕನ್ನಡ ಶಾಸನ ಐತಿ, ಲಂಜಿಗೇಸರ ಅನ್ನೋ ಹಳ್ಳಿ ದತ್ತಿ ಬಿಟ್ಟದ್ದು. ಅಲ್ಲಿ ನಿಂತು ಸೆಲ್ಫಿ ತಗೊಂಡವರಿಗೆ ಬೆನ್ನ ಹಿಂದ ಕನ್ನಡ ಐತಿ ಅಂತ ಗೊತ್ತಿರೂದಿಲ್ಲ.

ಇಂಡಿ ರೋಡ್
ಗುರುಗಳ, ‘ಕೆಳಗೆ ಹೇಳ್ತೀನಿ’ ಅಂದಿದ್ರಿ, ಬೆಟ್ಟ ಬಿದ್ದಿಲ್ಲ ಅನ್ನೋ ಮಾತು.

ಶಾಸನಪ್ರಿಯ
ಹೌದು, 1786ರ ಮುತ್ತಿಗೆ. ಆಗ ಕೋಟೆ ಟಿಪ್ಪುವಿನ ಕೈಯಲ್ಲಿತ್ತು. ಪೇಶ್ವೆಯ ಸೈನ್ಯ, ನಿಜಾಮನ ಸೈನ್ಯ ಎರಡೂ ಕೂಡಿ ಬಂದವು. ಪೇಶ್ವೆಯ ಮಂತ್ರಿ ನಾನಾ ಫಡ್ನವೀಸ್ ಸ್ವತಃ ಪಾಳೆಯದಲ್ಲಿದ್ದ. ಮೇ ತಿಂಗಳು. ಬಾದಾಮಿಯ ಮೇ ತಿಂಗಳ ಬಿಸಿಲು ಹೇಗಿರುತ್ತದೆ ಎಂದು ಅಗಸಿ ಓಣಿಯವರನ್ನು ಕೇಳಿ. ಸುಮಾರು ಮೂರು ವಾರ ತೋಪು ಹಾರಿಸಿದರೂ ಊರಿನ ಗೋಡೆ ಬಿರಿಯಲಿಲ್ಲ. ಕೊನೆಗೆ ಮೇ 20ರಂದು ಏಣಿ ಹಾಕಿ ಗೋಡೆ ಹತ್ತಿದರು. ಕಂದಕದಲ್ಲಿ ಒಳಗಿನವರು ಮದ್ದು ಹುಗಿದಿಟ್ಟಿದ್ದರು, ಅದು ಸಿಡಿದು ಬಹಳ ಜನ ಸತ್ತರು. ಆದರೂ ಹತ್ತಿದರು.

ಊರು ಬಿತ್ತು. ಕಾವಲಿನವರು ಗುಡ್ಡದ ಕೋಟೆಗಳಿಗೆ ಓಡಿದರು. ಅವರ ಬೆನ್ನ ಹಿಂದೆಯೇ ನುಗ್ಗಿಬಿಡೋಣ ಎಂದು ಮರಾಠರ ಸೈನಿಕರು ಹೊರಟಾಗ ಮೇಲಿನಿಂದ ಬಂಡೆ ಉರುಳಿಸಿದರು, ಗುಂಡು ಹಾರಿಸಿದರು. ಆ ಸೀಳಿನ ದಾರಿಯಲ್ಲಿ ಏನಾಗಿರಬಹುದು ಎಂದು ಮೇಲೆ ಆಗಲೇ ಬರೆದಿದ್ದಾರೆ. ಅಂದರೆ ಬೆಟ್ಟವನ್ನು ಆವತ್ತು ಯಾರೂ ಬಲದಿಂದ ಹಿಡಿಯಲಿಲ್ಲ. ಜೀವ ಉಳಿಸುವ ಕರಾರಿನ ಮೇಲೆ ಮೇಲಿದ್ದವರೇ ಕೋಟೆ ಒಪ್ಪಿಸಿ ಇಳಿದರು. ಊರು ಹೋಯಿತು, ಕೆರೆ ಹೋಯಿತು, ಮೇ ತಿಂಗಳಲ್ಲಿ ಮೇಲಿನ ದೊಣೆಗಳನ್ನು ನಂಬಿ ಎಷ್ಟು ದಿನ ಕೂರುತ್ತೀರಿ?

1818ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕಂಪನಿಯ ಸೇನಾಧಿಕಾರಿ ಥಾಮಸ್ ಮನ್ರೋ ಬಂದಾಗಲೂ ಮೊದಲು ಬಿದ್ದದ್ದು ಕೆಳಗಿನ ಊರು, ಆಮೇಲೆ ಗುಡ್ಡದವರು ಶರಣಾದರು. ಹಾಗಾಗಿ ಒಂದನೆಯ ಪುಲಕೇಶಿ ಸುಳ್ಳು ಬರೆಸಲಿಲ್ಲ ಎನ್ನುತ್ತೇನೆ. ಬೆಟ್ಟ ಗೆಲ್ಲಲಾಗದ್ದೇ. ಬೆಟ್ಟದ ಮೇಲೆ ಊಟ ನೀರಿಲ್ಲದೆ ಬದುಕಲಾಗದು, ಅಷ್ಟೇ.

ಕೃಷ್ಣಾ ತೀರ
ಒಪ್ಪಿಗಿ ಇಲ್ಲ ಗುರುಗಳ. ಕೋಟಿ ಅಂದ್ರ ಮಂದಿ ಬದುಕಾಕ ಕಟ್ಟಿದ್ದು. ಮಂದಿ ಉಳೀದ ಕೋಟಿ ಗೆದ್ದಂಗ ಹ್ಯಾಂಗ ಆಗ್ತೈತಿ? ಬಂಡಿ ಮೊದಲೂ ಇತ್ತು, ನಾಳೆನೂ ಇರ್ತೈತಿ. ಊರು ಬಿದ್ರ ಕೋಟಿ ಬಿದ್ದಂಗನ. 642ರಾಗೂ ಅಷ್ಟ, 1786ರಾಗೂ ಅಷ್ಟ.

ಅಗಸಿ ಓಣಿ
ನಾನೂ ಜಮಖಂಡಿ ಅಣ್ಣಾರ ಪರ. ನಮ್ಮ ಓಣಿ ಬಿಟ್ಟು ಬರೀ ಗುಡ್ಡದ ಲೆಕ್ಕಾ ಹಾಕೂದು ಅರಸರ ಲೆಕ್ಕ.

ಶಾಸನಪ್ರಿಯ
ಇಬ್ಬರು ಒಂದಾದರೆ ನನ್ನ ಗುಡ್ಡಕ್ಕೂ ಕಷ್ಟ. 🙏

ಕಮಲ ಬಸದಿ
1841ರ ಬಂಡಾಯ ಬಿಟ್ಟಿರಿ. ನರಸಿಂಗ ದತ್ತಾತ್ರೇಯ ಪೇಟಕರ, ಕಣ್ಣು ಕಾಣದವನು. ನಿಜಾಮ ಸೀಮೆಯಿಂದ ನೂರಿಪ್ಪತ್ತೈದರಷ್ಟು ಅರಬರನ್ನು ಕಟ್ಟಿಕೊಂಡು ಬಂದು ಬಾದಾಮಿ ಹಿಡಿದ. ಸರ್ಕಾರಿ ಖಜಾನೆ, ಪೇಟೆ ಲೂಟಿಯಾದವು. ತಾನು ನರಸಿಂಗ ಛತ್ರಪತಿ ಎಂದು ಸಾರಿಕೊಂಡು ನಿಶಾನೆ ಏರಿಸಿದ, ಜಮೀನು ಗುತ್ತಿಗೆ ಕೊಡಲೂ ಶುರು ಮಾಡಿದ. ಕೆಲವೇ ದಿನಗಳಲ್ಲಿ ಧಾರವಾಡದ ಕಡೆಯಿಂದ ಕಂಪನಿಯ ಸೈನ್ಯ ಬಂದು ಹಿಡಿಯಿತು. ಇಷ್ಟು ಸಣ್ಣ ಗುಂಪು ಇಂಥ ಜಾಗದಲ್ಲಿ ಕೂತರೆ ಎಂಥ ತಲೆನೋವು ಎಂದು ಬ್ರಿಟಿಷರಿಗೆ ಅರ್ಥವಾಗಿರಬೇಕು, ಆ ಬಳಿಕ ಕೋಟೆಯನ್ನು ಕೆಲಸಕ್ಕೆ ಬಾರದಂತೆ ಮಾಡಿದರು. ಬಾದಾಮಿಯ ಕೋಟೆ ಬಾಳ್ವೆ ಮುಗಿದದ್ದು ಪಲ್ಲವರಿಂದಲ್ಲ, ಪೇಶ್ವೆಯಿಂದಲೂ ಅಲ್ಲ. ಅದರ ಕೊನೆಯ ಒಡೆಯ ಈ ಪೇಟಕರ. ಪ್ರವಾಸಿ ಫಲಕಗಳಲ್ಲಿ ಅವನಿಗೂ ಒಂದು ಸಾಲು ಇರಬೇಕು.

ಗುಳೇದಗುಡ್ಡ ಖಣ
ಈಗಿನ ಮುತ್ತಿಗಿ ಬ್ಯಾರೆ. 2015ರಾಗ ಹಳೇ ಪರಂಪರೆ ಇರೋ ಊರು ಸುಧಾರಿಸಾಕ ಕೇಂದ್ರ ಸರ್ಕಾರದ ಹೃದಯ್ ಯೋಜನೆ ಅಂತ ದೇಶದ 12 ಊರಾಗ ಬಾದಾಮಿನೂ ಸೇರಿಸಿದ್ರು. ಅದ ಹೊತ್ತಿಗೆ ಕಾನೂನು ಏನಂತೈತಿ? ಸ್ಮಾರಕದ 100 ಮೀಟರ್ ಒಳಗ ಹೊಸಾ ಕಟ್ಟಡ ಇಲ್ಲ, ಅದರಾಚೆ 200 ಮೀಟರ್ ತನಕ ಅನುಮತಿ ಬೇಕು. ಬಾದಾಮಿಯಾಗ ಎಲ್ಲಿ ನಿಂತ್ರೂ ಯಾವುದರ ಒಂದು ಸ್ಮಾರಕದ ನೂರು ಮೀಟರಿನ್ಯಾಗ ಇರ್ತೀರಿ! ನಮ್ಮ ಬೀಗರ ಮನಿ ಮಾಳಿಗಿ ಸೋರ್ತೈತಿ, ಮ್ಯಾಲೆ ಸ್ಲ್ಯಾಬ್ ಹಾಕ್ಸಾಕ ಬರವಲ್ದು.

ಅಗಸಿ ಓಣಿ
ಹೌದ ಅಕ್ಕಾ. ಕೆರಿ ಸುತ್ತಲಿನ ಮನಿ ಎಬ್ಬಿಸಬೇಕು, ಊರು ಬ್ಯಾರೆ ಕಡೆ ಕಟ್ಟಬೇಕು ಅನ್ನೋ ಮಾತು ನಾ ಸಣ್ಣಾಂವ ಇದ್ದಾಗಿಂದ ಕೇಳಾಕತ್ತೀನಿ. ಹೊರಗಿನಿಂದ ಬಂದವರು, ‘ಈ ಮನಿ ಇರದಿದ್ರ ಫೋಟೋ ಎಷ್ಟು ಚಂದ ಬರ್ತಿತ್ತು’ ಅಂತಾರ. ಅರೆ, 699ರಾಗ ರಾಜಮಾತೆ ಗುಡಿ ಕಟ್ಟಿಸಿದಾಗಲೂ ಸುತ್ತ ಮನಿ ಇದ್ದುವಲ್ಲ, ಗುರುಗಳs ಹೇಳ್ಯಾರ. ಕೆರಿಗೆ ಗಟಾರ ನೀರು ಹೋಗಬಾರದು, ಸ್ಮಾರಕಕ್ಕ ಆತು ಮನಿ ಕಟ್ಟಬಾರದು, ಅದಕ್ಕ ನಾನೂ ಹೂಂ ಅಂತೀನಿ. ಆದ್ರ ಕೆರಿ ಮೆಟ್ಟಲ ಮ್ಯಾಲೆ ಅರಬಿ ಒಗ್ಯೋ ಹೆಣ್ಮಕ್ಕಳನ್ನ ತಗದು ಅಲ್ಲೊಂದು ಹುಲ್ಲುಹಾಸು ಮಾಡಿದ್ರ, ಅದು ಬಾದಾಮಿ ಅಲ್ಲ, ಬಾದಾಮಿ ಪಾರ್ಕು.

ಶಾಸನಪ್ರಿಯ
ಭಾಗಶಃ ಒಪ್ಪುತ್ತೇನೆ. ಊರನ್ನು ಎಬ್ಬಿಸುವುದು ತಪ್ಪು. ಆದರೆ ಗುಡಿಯ ಗೋಡೆಗೆ ದನ ಕಟ್ಟುವ ಗೂಟ ಬಡಿದದ್ದನ್ನು ನಾನೇ ಕಂಡಿದ್ದೇನೆ. ಇವೆರಡರ ನಡುವೆ ಓಣಿ ಓಣಿಗೆ ಬೇರೆ ಬೇರೆ ಲೆಕ್ಕ ಬೇಕು. ಒಂದೇ ಮೀಟರ್ ಪಟ್ಟಿ ಎಲ್ಲ ಕಡೆ ಹಿಡಿದರೆ ಆಗುವುದಿಲ್ಲ.

ಇಂಡಿ ರೋಡ್
ಇಷ್ಟು ಸಿಗತೈತಿ ಅಂತ ಅನ್ಕೊಂಡಿರಲಿಲ್ಲ. ಕಡೀಕ ಒಂದು ಕೇಳ್ತೀನಿ. ನಮ್ಮ ಅಪ್ಪಾಗ ಮೊಣಕಾಲ ಬ್ಯಾನಿ, ಮಕ್ಕಳು ಸಣ್ಣವು. ಎರಡೂ ಕೋಟಿ ಆಗ್ತಾವೇನು?

ಅಗಸಿ ಓಣಿ
ಎರಡು ಆಗೂದಿಲ್ಲ ತಮ್ಮಾ. ರಣಮಂಡಲಕ್ಕ ಎರಡನೇ, ಮೂರನೇ ಗುಹೆ ನಡುವಿನ ಮೆಟ್ಟಲಿಂದ ಹತ್ತಬೇಕು, ಅದಕ್ಕ ಗೇಟ್ ಹಾಕಿ ಕೀಲಿ ಹಾಕ್ಯಾರ. ಹಿಂದಿನಿಂದ ಹತ್ತಸ್ತೀನಿ ಅಂತ ಯಾರರ ರೊಕ್ಕ ಕೇಳಿದ್ರ ಹೋಗಬ್ಯಾಡ್ರಿ, ಕಾಲು ಜಾರಿದ್ರ ಹಿಡಕೊಳ್ಳಾಕ ಏನೂ ಇಲ್ಲ.

ಬಾವನ್ ಬಂಡಿಗೆ ಮುಂಜಾನೆ ಲಗೂ ಹೋಗ್ರಿ. ಸಂಗ್ರಹಾಲಯ ಶುಕ್ರವಾರ ಬಂದ್, ಆ ದಿನ ಬಿಟ್ಟು ಬರ್ರಿ. ಅಪ್ಪಾರನ್ನ ಸೀಳು ದಾರಿ ತನಕ ಕರಕೊಂಡು ಹೋಗಿ ಅಲ್ಲೇ ನೆರಳಿಗೆ ಕುಂದರಸ್ರಿ, ತಂಪ ಇರ್ತೈತಿ. ನೀವು ಕೆಳಗಿನ ಶಿವಾಲಯ, ಕಣಜ, ಮ್ಯಾಲಿನ ಶಿವಾಲಯ ನೋಡಿ ಇಳೀರಿ. ಮಾಲೆಗಿತ್ತಿ ಶಿವಾಲಯ ಬ್ಯಾರೆ ಬಂಡಿ ಮ್ಯಾಲೈತಿ, ದಾರಿ ಊರೊಳಗಿಂದ, ಅದಕ್ಕ ಮೆಟ್ಟಲ ಕಡಿಮಿ, ಅಪ್ಪಾರೂ ಬರಬಹುದು. ರೈಲಿಗೆ ಬಂದ್ರ ಸ್ಟೇಷನ್ ಊರಿಂದ 5 ಕಿಲೋಮೀಟರ್, ಟಾಂಗಾನೂ ಸಿಗ್ತಾವ, ಆಟೋನೂ. ಬನದ ಹುಣ್ಣಿಮಿ ಜಾತ್ರಿ ಹೊತ್ತಿಗೆ ಬರ್ತೀರಿ ಅಂದ್ರ ಮೊದ್ಲ ಹೇಳ್ರಿ, ಲಾಡ್ಜ್ ಸಿಗೂದಿಲ್ಲ. ರಾತ್ರಿ ಕಂಪನಿ ನಾಟಕ ನೋಡ್ಕೊಂತ ಬೆಳಗ ಮಾಡಬೇಕಾಗ್ತೈತಿ.

ಮಂಗ್ಯಾನ ಗೆಳೆಯ
ಪ್ಲಾಸ್ಟಿಕ್ ಚೀಲ ಕೈಯಾಗ ಹಿಡೀಬ್ಯಾಡ್ರಿ, ಕೂಲ್ ಡ್ರಿಂಕ್ಸ್ ಬಾಟ್ಲಿ ಅಂತೂ ಬ್ಯಾಡೇ ಬ್ಯಾಡ. ಕ್ಯಾಪ್ ತಗದು ಕುಡೀತಾವ.

ಇಂಡಿ ರೋಡ್
ಜಾತ್ರಿ ಹೊತ್ತಿಗೇ ಬರ್ತೇವ್ರಿ, ನಾಟಕ ನೋಡಾಕ ಅವ್ವಾನೂ ತಯಾರದಾಳ. ಅಗಸಿ ಅಣ್ಣಾ, ಖಾಸಗಿ ಮೆಸೇಜ್ ಕಳಸೇನಿ, ನೋಡ್ರಿ.